ಬೆನ್ನು ತಿರುಗಿಸಿದ ಸುದ್ದಿ

ಕಂಡದ್ದನ್ನೂ ಕಾಣದ್ದನ್ನೂ ಒಂದೇ ಸಮ ಬಲ್ಲ ಪರಶಿವನಿಗೆ ಶರಣು. ಅವನ ಪಾದಕ್ಕೆ ತಲೆಯಿಟ್ಟು ಈ ಕಥೆ ಹೇಳುತ್ತೇನೆ.

ಕಪಿಲಾ ನದಿಯ ದಂಡೆಯಲ್ಲಿ ಗುರುಮಲ್ಲಯ್ಯನವರ ಆಶ್ರಮ. ಅವರ ಶಿಷ್ಯ ನಾಗಭೂಷಣ ಪೇಟೆಯ ಪತ್ರಿಕೆಯೊಂದರಲ್ಲಿ ಆಟೋಟದ ಸುದ್ದಿ ಬರೆಯುತ್ತಿದ್ದ. ಒಂದು ಬೆಳಿಗ್ಗೆ ಬಂದು ಗುರುಗಳ ಮುಂದೆ ಕೂತ. ಮುಖ ಬಾಡಿತ್ತು.

ಅವನ ಹಿಂದೆಯೇ ಇನ್ನೊಬ್ಬ ಬಂದ. ಅಗಲವಾದ ಭುಜ, ಹುಬ್ಬಿನ ಮೇಲೆ ಐದು ಹೊಲಿಗೆ.

"ನಾನು ಸಿದ್ದರಾಜು, ಬುದ್ಧೀ. ಬಾಕ್ಸಿಂಗೇ ನನ್ನ ಕಸುಬು. ಇವರ ಮನೆಗೆ ಹೋಗಿದ್ದೆ, ಇಲ್ಲಿದ್ದಾರೆ ಅಂದ್ರು. ಹೊಡೆಯೋಕೆ ಬಂದಿಲ್ಲ. ಹೊಡೆಯೋದಾದ್ರೆ ಟಿಕೆಟ್ ಇಡ್ತಿದ್ದೆ."

ಗುರುಗಳು ನಕ್ಕರು. "ಕೂತ್ಕೊಳಪ್ಪ."

ಸಿದ್ದರಾಜು ಮಡಿಸಿದ ಪತ್ರಿಕೆ ಬಿಚ್ಚಿದ. ಆಟದ ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರ: 'ಆರನೇ ಸುತ್ತಿನಲ್ಲಿ ಹೆದರಿ ಬೆನ್ನು ತಿರುಗಿಸಿದ ಸಿದ್ದರಾಜು.'

"ಎದುರಾಳಿಯ ತಲೆ ಹುಬ್ಬಿಗೆ ಬಡಿದು ರಕ್ತ ಕಣ್ಣಿಗಿಳೀತು, ಬುದ್ಧೀ. ರೆಫರಿಗೆ ತೋರಿಸೋಕೆ ತಿರುಗಿದೆ. ಈಗ ಮುಂದಿನ ಪಂದ್ಯ ನಡೆಸೋರು, ಓಡಿಹೋಗೋನನ್ನ ನೋಡೋಕೆ ಯಾರು ಬರ್ತಾರೆ ಅಂತ ನನ್ನ ಕೈಬಿಡ್ತಿದ್ದಾರೆ. ನಾಳೆ ಪೇಪರಲ್ಲಿ ಸರಿಯಾಗಿ ಬಂದ್ರೆ ಉಳ್ಕೊಂಡೆ."

ಗುರುಗಳು ಶಿಷ್ಯನ ಕಡೆ ನೋಡಿದರು. "ಬರೆಯುವ ಮೊದಲು ಇವರನ್ನು ಕೇಳಿದ್ದೆಯಾ?"

"ಹೊಲಿಗೆ ಹಾಕಿಸಲು ಆಸ್ಪತ್ರೆಗೆ ಹೋಗಿದ್ದರು. ಪುಟ ಮುಗಿಸುವ ಹೊತ್ತಾಗಿತ್ತು. ಎದುರಾಳಿಯ ತರಬೇತುದಾರ ಸಿಕ್ಕಿದ, 'ಹೆದರಿಬಿಟ್ಟ' ಅಂದ. ಇವರು ತಿರುಗಿದ್ದನ್ನು ನಾನೂ ಕಣ್ಣಾರೆ ಕಂಡೆ, ಗುರುಗಳೇ."

"ತಲೆ ಬಡಿದದ್ದು?"

"ನಾನು ಕೂತ ಕಡೆಗೆ ರೆಫರಿಯ ಬೆನ್ನು ಅಡ್ಡ ಇತ್ತು. ತಲೆ ಬಡಿಯಿತೋ, ಗುದ್ದೇ ಬಿತ್ತೋ, ದೇವರೇ ಬಲ್ಲ. ಬಡಿಯಿತು ಎಂದು ಬರೆದರೆ ಕಾಣದ್ದನ್ನು ಬರೆದಂತೆ. ಬಡಿಯಲಿಲ್ಲ ಎಂದರೂ ಹಾಗೇ. ಮೂರು ದಿನದಿಂದ ತಲೆ ಕೆಟ್ಟುಹೋಗಿದೆ."

ಸ್ವಲ್ಪ ತಡೆದು ಅವನೇ ಹೇಳಿದ: "ತಪ್ಪಾದರೆ ನಾವು ಒಳಪುಟದ ಕೆಳಗೆ ಎರಡು ಸಾಲು ಹಾಕುವುದುಂಟು. ಅದನ್ನಾದರೂ..."

"ಉಗಿದದ್ದು ಮುಖಕ್ಕೆ, ಒರೆಸೋದು ಕಾಲನ್ನಾ, ಸಾರ್?" ಎಂದ ಸಿದ್ದರಾಜು.

ಉತ್ತರ ಹೇಳಲೆಂದು ಬಾಯಿ ತೆರೆದ ಗುರುಗಳು ತಟ್ಟನೆ ಎದ್ದರು. ಶಿಷ್ಯನಿಗೆ ಬೆನ್ನು ತಿರುಗಿಸಿ ನದಿಯ ಕಡೆ ನಡೆದರು. ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಈ ಕಡೆ ತಿರುಗಲೇ ಇಲ್ಲ.

ನಾಗಭೂಷಣ ಸಿದ್ದರಾಜುವಿನ ಕಡೆ ತಿರುಗಿದ.

"ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನನ್ನ ಮೇಲೆ ಹೀಗೆ ಸಿಟ್ಟಾಗಿರಲಿಲ್ಲ."

"ಸಿಟ್ಟು ಅಂತ ಹೇಳಿದ್ರಾ?"

"ಹೇಳಬೇಕೇನ್ರೀ? ಬೆನ್ನು ತಿರುಗಿಸಿದರಲ್ಲ!"

ಸಿದ್ದರಾಜು ಅವನನ್ನೇ ನೋಡಿದ.

ಗುರುಗಳು ಹೆಗಲ ಮೇಲಿನ ವಸ್ತ್ರದಿಂದ ಒದ್ದೆ ಮುಖ ಒರೆಸಿಕೊಳ್ಳುತ್ತ ಮರಳಿದರು. ನಾಗಭೂಷಣ ಕಾಲಿಗೆ ಬಿದ್ದ.

"ಸಿಟ್ಟು ಬಿಡಿ, ಗುರುಗಳೇ."

"ಯಾವ ಸಿಟ್ಟು? ಕಣ್ಣಿಗೆ ಹುಳ ಬಿತ್ತಪ್ಪ."

ಸಿದ್ದರಾಜು ಗೊಳ್ಳೆಂದು ನಕ್ಕ. ನಕ್ಕದ್ದಕ್ಕೆ ಹೊಲಿಗೆ ಎಳೆದಂತಾಗಿ, "ಅಯ್ಯಪ್ಪಾ" ಎಂದು ಹುಬ್ಬು ಹಿಡಿದುಕೊಂಡ.

ಶಿಷ್ಯನಿಗೆ ಇನ್ನೂ ಗೊಂದಲ.

"ನಿಜವಾಗಿಯೂ ಹುಳ ಬಿತ್ತೇ? ಅಥವಾ ನನಗೆ ಪಾಠ ಹೇಳಲು ಹೀಗೆ ಮಾಡಿದಿರೇ?"

"ನೀನು ಕೂತ ಕಡೆಯಿಂದ ಏನು ಕಂಡಿತು?"

"ನೀವು ತಿರುಗಿದ್ದು."

"ಹುಳ?"

"ಕಾಣಲಿಲ್ಲ."

"ಸಿಟ್ಟು?"

ನಾಗಭೂಷಣ ಸಿದ್ದರಾಜುವಿನ ಹುಬ್ಬಿನ ಹೊಲಿಗೆಯತ್ತ ನೋಡಿದ.

"ಅದೂ ಕಾಣಲಿಲ್ಲ."

ಗುರುಗಳು ಪತ್ರಿಕೆಯನ್ನು ನೆಲದ ಮೇಲೆ ಹರವಿ, ಸುಕ್ಕು ಸವರಿ, ಪುಟದ ನೆತ್ತಿಯ ದಪ್ಪ ಅಕ್ಷರದ ಮೇಲೆ ಬೆರಳಿಟ್ಟರು.

"'ತಿರುಗಿದ್ದು ಕಂಡೆ, ಹೆದರಿದ್ದು ಕಾಣಲಿಲ್ಲ.' ಇಷ್ಟನ್ನೇ ಬರೆ, ಮಗು. ಇದೇ ಜಾಗದಲ್ಲಿ ಬರೆ."

ಕಿವಿಗೊಟ್ಟ ತಮ್ಮೆಲ್ಲರ ಕಣ್ಣಿಗೂ ನಾಲಿಗೆಗೂ ಆ ಶಿವನ ಕಾವಲಿರಲಿ.