ಹುಲಿಗೆವ್ವನ ಕೊತ್ತಂಬರಿ

ಬಹಳ ಬಹಳ ಹಿಂದೆ, ಹೊಳೆಯ ಮೀನುಗಳಿಗೆ ಇನ್ನೂ ಮನುಷ್ಯರ ಭಯ ಹುಟ್ಟಿರದ ಕಾಲದಲ್ಲಿ, ಹರವಿನಕಟ್ಟಿ ಅಂತ ಒಂದೂರು. ಆ ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಹೆಣ್ಣುಮಗಳು. ಹರಿಗೋಲಿಗೆ ತೊಗಲು ಹೊಲಿಯುವುದು ಅವಳ ಕಸುಬು. ಅವಳು ಹೊಲಿದ ಹರಿಗೋಲಿನೊಳಗೆ ಹನಿ ನೀರು ನುಗ್ಗುತ್ತಿರಲಿಲ್ಲವಂತೆ. ಮಳೆ ಬಂದು ಒಳಗೆ ಬಿದ್ದ ನೀರು ಕೂಡ ನಾಚಿಕೊಂಡು ತಾನೇ ಎದ್ದು ಹೊರಗೆ ಹೋಗುತ್ತಿತ್ತಂತೆ. ಇದು ಹೆಚ್ಚಾಯಿತು ಅನ್ನುವವರು ಮುಂದಿನದನ್ನು ಕೇಳದಿರುವುದೇ ವಾಸಿ.

ತೊಗಲು ನೆನೆಯಬೇಕು, ಒಣಗಬೇಕು. ಅಷ್ಟು ಹೊತ್ತು ಕೈಕಟ್ಟಿ ಕೂರುವುದು ಹುಲಿಗೆವ್ವನಿಗೆ ಆಗದು. ಆ ಊರಲ್ಲಿ ಅರಗು ಬಳಿದ ದುಂಡನೆಯ ಆಟದೆಲೆಗಳಿದ್ದವು. ಕೆಂಪು, ಕಪ್ಪು, ಹಸಿರು, ಹಳದಿ ಅಂತ ನಾಲ್ಕು ಬಣ್ಣ. ಒಂದೊಂದು ಬಣ್ಣಕ್ಕೆ ಹದಿಮೂರು ಎಲೆ. ಎಲ್ಲಕ್ಕೂ ಮೇಲೆ ರಾಜ, ಅವನ ಕೆಳಗೆ ಮಂತ್ರಿ, ಮಂತ್ರಿಯ ಕೆಳಗೆ ದಳವಾಯಿ, ಆಮೇಲೆ ಹತ್ತರಿಂದ ಒಂದರವರೆಗೆ ಪ್ರಜೆಗಳು. ಆಡುವವರ ಕೈಗೆ ಎರಡೆರಡು ಎಲೆ, ನಡುವೆ ಚಾಪೆಯ ಮೇಲೆ ಐದು. ಏಳರಲ್ಲಿ ಚೆಂದದ ಐದನ್ನು ಯಾರು ಕೂಡಿಸುತ್ತಾರೋ ಅವರು ಗೆದ್ದರು. ಐದೂ ಒಂದೇ ಬಣ್ಣವಾದರೆ ಕೇಳುವುದೇ ಬೇಡ. ಹಾಗಾಗಿ ಕೈಗೆ ಬಂದ ಎರಡೆಲೆ ಒಂದೇ ಬಣ್ಣದವಾದರೆ ಸಾಕು, ಜನ ಮೀಸೆ ತಿರುವುತ್ತಿದ್ದರಂತೆ. ಮೀಸೆಯಿಲ್ಲದವರು ಪಕ್ಕದವರ ಮೀಸೆ ತಿರುವುತ್ತಿದ್ದರಂತೆ.

ಹುಲಿಗೆವ್ವನಿಗೆ ಮಾತ್ರ ಅನುಮಾನ. ಹನ್ನೆರಡು ವರ್ಷ ತನಗೆ ತಾನೇ ಎಲೆ ಹಾಕಿಕೊಂಡು, ಗೆದ್ದಾಗೊಂದು ಸೋತಾಗೊಂದು ಹುಣಸೆಬೀಜವನ್ನು ಬೇರೆ ಬೇರೆ ಗಡಿಗೆಗೆ ಹಾಕುತ್ತ ಹೋದಳು. ಗಡಿಗೆ ತುಂಬಿ, ಹಗೇವು ತುಂಬಿ, ಊರಲ್ಲಿ ಬಿತ್ತುವುದಕ್ಕೂ ಹುಣಸೆಬೀಜ ಸಿಗದಂತಾಯಿತು ಅನ್ನುತ್ತಾರೆ. ಕೊನೆಗೆ ಅವಳಿಗೆ ತಿಳಿದದ್ದಿಷ್ಟು. ಒಂದೇ ಬಣ್ಣದ ಎರಡೆಲೆ ಬಂದರೆ, ಅದೇ ಬಣ್ಣ ಐದಕ್ಕೆ ಮುಟ್ಟುವುದು ನೂರಕ್ಕೆ ಆರು ಸಲ. ರಾಜ ಮಂತ್ರಿ ಇಬ್ಬರೂ ಒಂದೇ ಬಣ್ಣವಾದರೆ ಎಷ್ಟು ಗೆಲುವೋ, ಬೇರೆ ಬೇರೆ ಬಣ್ಣವಾದರೂ ಹೆಚ್ಚುಕಡಿಮೆ ಅಷ್ಟೇ, ನೂರಾಟದಲ್ಲಿ ಎರಡೋ ಮೂರೋ ಬೀಜದ ವ್ಯತ್ಯಾಸ.

'ಬಣ್ಣ ಅಂದ್ರ ಸಾರಿನ ಮ್ಯಾಲಿನ ಕೊತ್ತಂಬ್ರಿ,' ಅನ್ನುತ್ತಿದ್ದಳಂತೆ. 'ಒಳಗ ಬ್ಯಾಳಿ ಇದ್ರ ಘಮ ಅಂತೈತಿ. ಬರೇ ನೀರಿನ ಮ್ಯಾಲ ಹಾಕಿ ಏನ್ ಮಾಡತಿ?'

ಅವಳ ಅಣ್ಣನ ಮಗ ಯಂಕೋಬ. ಜನ ಹೊಳೆ ದಾಟುವ ಹರವಿನಕಟ್ಟಿ ಕಡವಿನ ಅಂಬಿಗ. ಹುಟ್ಟಿದ್ದೇ ಹರಿಗೋಲಿನಲ್ಲಿ. ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಅವನಿಗೆ ತಲೆ ತಿರುಗುತ್ತಿತ್ತಂತೆ. ಒಂದು ವರ್ಷ ಹೊಳೆ ದಿಕ್ಕು ಬದಲಿಸಿತು. ಮೇಲಿನ ಕಡವು ಮರಳಿನಲ್ಲಿ ಮುಚ್ಚಿಹೋಯಿತು. ಅಲ್ಲಿಯ ಅಂಬಿಗ ಗೂಳಪ್ಪ ತನ್ನ ಹರಿಗೋಲು ಹೊತ್ತು ಬಂದು, ಈ ಕಡವು ತನಗೂ ಸೇರಬೇಕೆಂದ. ಒಂದು ಕಡವಿಗೆ ಒಬ್ಬನೇ ಅಂಬಿಗ ಅನ್ನುವುದು ಹೊಳೆಸಾಲಿನ ಕಟ್ಟಳೆ. ಹಿರಿಯರು ಕೂತು, ಎಲೆ ಆಡಿಯೇ ತೀರ್ಮಾನವಾಗಲಿ ಅಂದರು. ಸೋತವನು ಹರಿಗೋಲು ಬೋರಲು ಹಾಕಿ ಹೊಳೆ ಬಿಟ್ಟು ಹೋಗಬೇಕು.

ಆಟಕ್ಕೂ ಒಂದು ಕಟ್ಟಳೆ. ಕಡವಿನವನು ತಾನೇ ಆಡುವಂತಿಲ್ಲ, ಅವನ ಪರವಾಗಿ ಇನ್ನೊಬ್ಬರು ಆಡಬೇಕು. ಅವನು ಹುಟ್ಟು ಹಿಡಿದು ಅವರ ಬೆನ್ನ ಹಿಂದೆ ಕೂರಬೇಕು. ಎಲೆ ಕಾಣುತ್ತದೆ, ಬಾಯಿ ಬಿಡುವಂತಿಲ್ಲ. ಒಂದು ಮಾತು ಹೊರಬಿದ್ದರೆ ಕಡವು ಹೋಯಿತು. ಕೆಮ್ಮುವುದಕ್ಕೂ ಹಿರಿಯರ ಅಪ್ಪಣೆ.

ಗೂಳಪ್ಪನ ಪರವಾಗಿ ಕೂತವನು ನಗಾರಿ ಮಾನಪ್ಪ. ಅವನು ನಕ್ಕರೆ ಆಚೆ ದಡದ ಕೊಕ್ಕರೆಗಳು ಹಾರುತ್ತಿದ್ದವು. ಯಂಕೋಬನ ಪರವಾಗಿ ಹುಲಿಗೆವ್ವ. ಇಬ್ಬರಿಗೂ ಇಪ್ಪತ್ತೊಂದು ಹುಣಸೆಬೀಜ. ಪ್ರತಿ ಆಟಕ್ಕೂ ಒಂದು ಬೀಜ ಕಟ್ಟಬೇಕು, ಎಲೆ ಹಿಡಿಸಿದರೆ ಇನ್ನಷ್ಟು ಸುರಿಯಬಹುದು, ಹಿಡಿಸದಿದ್ದರೆ ಮಗುಚಿಟ್ಟು ಕಟ್ಟಿದ್ದನ್ನು ಬಿಟ್ಟುಕೊಡಬಹುದು. ಎಲ್ಲ ಬೀಜ ಕಳಕೊಂಡವರು ಸೋತಂತೆ.

ಯಂಕೋಬನ ಸಂಕಟ ಹೇಗೆ ಹೇಳೋಣ. ಅತ್ತೆಯ ಕೈಗೆ ಕೆಂಪು ಮೂರು, ಕೆಂಪು ಎಂಟು ಬಂದವು. ಒಂದೇ ಬಣ್ಣ ಅಂತ ಅವನ ಎದೆ ಹಿಗ್ಗಿತು. ಹುಲಿಗೆವ್ವ ಎಲೆ ಮಗುಚಿಟ್ಟಳು, ಒಂದು ಬೀಜ ಹೋಯಿತು. ಕಪ್ಪು ನಾಲ್ಕು, ಕಪ್ಪು ಒಂಬತ್ತು ಬಂದವು, ಮಗುಚಿಟ್ಟಳು. ಮತ್ತೆ ಒಂದೇ ಬಣ್ಣ, ಮತ್ತೆ ಮಗುಚಿಟ್ಟಳು. ಯಂಕೋಬ ಹುಟ್ಟಿನ ಹಿಡಿಯನ್ನು ಬಾಯಲ್ಲಿ ಕಚ್ಚಿಕೊಂಡ. ಮಾತು ಹೊರಬೀಳದಂತೆ ಬೇರೆ ದಾರಿಯಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಸಿರು ಎರಡು, ಹಸಿರು ಏಳು ಬಂದವು. ಅವನ್ನೂ ಮಗುಚಿಟ್ಟಳು. ಮಾನಪ್ಪ ಬೇಕೆಂತಲೇ ಚಾಪೆಯ ಐದೆಲೆಯನ್ನು ಬಿಚ್ಚಿ ತೋರಿಸಿದ. ಹಸಿರು. ಹಸಿರು. ಹಳದಿ. ಕಪ್ಪು. ಹಸಿರು.

ಮಾನಪ್ಪ ಅವಳು ಮಗುಚಿಟ್ಟ ಎಲೆಗಳನ್ನೂ ತಿರುವಿ ನೋಡಿದ. ಅವನು ನಕ್ಕ ನಗೆಗೆ ಕೊಕ್ಕರೆಗಳು ಮೂರು ಊರು ದಾಟಿ ಕೂತವಂತೆ. 'ಏನ್ಬೇ ಹುಲಿಗೆವ್ವ, ಬಾಗಿಲಿಗೆ ಬಂದ ಬೀಗರನ್ನ ಹೊಳ್ಳಿ ಕಳಿಸಿದೆಲ್ಲ!'

ಯಂಕೋಬನ ಕಣ್ಣಲ್ಲಿ ನೀರು. ಅವಳ ಮುಂದೆ ಉಳಿದದ್ದು ಏಳೇ ಬೀಜ. ನೆಲದ ಮೇಲೆ ನಡೆದು ಬದುಕುವುದು ಹೇಗೆ ಅಂತ ಕೂತಲ್ಲೇ ಕಾಲು ಆಡಿಸಿ ನೋಡಿಕೊಂಡನಂತೆ. ಹುಲಿಗೆವ್ವ ಹಿಂದಕ್ಕೆ ತಿರುಗದೆ ಹೇಳಿದಳು:

'ಯಂಕ್ಯಾ, ನೂರರಾಗ ಆರು ಸಲ ಹಿಂಗ ಆಗತೈತಿ. ಇದು ಆ ಆರರಾಗಿಂದು. ಹುಟ್ಟು ಮೆಲ್ಲಕ ಕಡಿ, ನಾಳೆ ಹೊಳಿಗೆ ಬೇಕದು.'

ಅಂದಿನಿಂದ ಮಾನಪ್ಪನಿಗೆ, ಅಂದಿನಿಂದ ಅಂದರೆ ಆ ಗಳಿಗೆಯಿಂದ, ಬಣ್ಣದ ಹುಚ್ಚು ಹತ್ತಿತು. ಎರಡೆಲೆ ಒಂದೇ ಬಣ್ಣ ಕಂಡರೆ ಸಾಕು, ಬೀಜ ಚೆಲ್ಲುವವನೇ. ಹುಲಿಗೆವ್ವ ಕಾದಳು. ರಾಜ ಬಂದರೆ ಆಡಿದಳು, ಒಂದೇ ಅಂಕೆಯ ಜೋಡಿ ಬಂದರೆ ಆಡಿದಳು, ಉಳಿದದ್ದನ್ನು ಮಗುಚಿಟ್ಟಳು. ಹನಿ ಹನಿಯಾಗಿ ಬೀಜ ಹಿಂದೆ ಬಂತು. ಹೊತ್ತು ಇಳಿಯುವಾಗ ಎಣಿಸಿದರೆ ಇಬ್ಬರ ಮುಂದೂ ಇಪ್ಪತ್ತೊಂದು. ಬೆಳಗಿನಿಂದ ಆಡಿದ್ದು ಹೊಳೆಯ ಪಾಲು.

ಆಗ ಮಾನಪ್ಪ ತನ್ನೆರಡು ಎಲೆ ನೋಡಿದ, ಮೀಸೆ ತಿರುವಿದ, ಇದ್ದ ಬೀಜವನ್ನೆಲ್ಲ ಚಾಪೆಗೆ ಸುರಿದ. ಹುಲಿಗೆವ್ವನ ಕೈಯಲ್ಲಿ ಕಪ್ಪು ರಾಜ, ಹಳದಿ ಮಂತ್ರಿ. ಬೇರೆ ಬೇರೆ ಬಣ್ಣ. ಯಂಕೋಬನ ಹಲ್ಲು ಹುಟ್ಟಿನೊಳಗೆ ಇನ್ನಷ್ಟು ಇಳಿಯಿತು. ಮಗುಚು ಅತ್ತೆ, ಎಷ್ಟೊಂದು ಮಗುಚಿದ್ದೀ, ಇದೊಂದನ್ನು ಮಗುಚು ಅಂತ ಅವನ ಹೊಟ್ಟೆ ಕೂಗುತ್ತಿತ್ತು.

ಹುಲಿಗೆವ್ವ ತನ್ನ ಬೀಜವನ್ನೂ ಸುರಿದಳು.

ಮಾನಪ್ಪ ಎಲೆ ಬಿಚ್ಚಿದ. ಕೆಂಪು ಐದು, ಕೆಂಪು ಎಂಟು. ಹುಲಿಗೆವ್ವ ಅವನ್ನು ನೋಡಿ, ತನಗೇ ಹೇಳಿಕೊಳ್ಳುವಂತೆ, 'ಹತ್ತರಾಗ ಆರು ನಮ್ದು, ನಾಕು ಅವಂದು,' ಅಂದಳು. ಆ ನಾಕು ಯಂಕೋಬನ ಕಿವಿಯಲ್ಲಿ ನಾಕು ಸಾವಿರವಾಗಿ ಕೇಳಿಸಿತಂತೆ.

ಹಿರಿಯರು ಚಾಪೆಗೆ ಎಲೆ ಹಾಕಿದರು. ಕೆಂಪು ಎರಡು. ಕೆಂಪು ಒಂಬತ್ತು. ಹಸಿರು ಮೂರು. ಮಾನಪ್ಪನಿಗೆ ಇನ್ನೊಂದೇ ಕೆಂಪು ಸಾಕು. ನಾಲ್ಕನೆಯದು ಹಸಿರು ಮಂತ್ರಿ. ಹುಲಿಗೆವ್ವನಿಗೆ ಮಂತ್ರಿಯ ಜೋಡಿ ಆಯಿತು, ಆದರೆ ಒಂದು ಕೆಂಪು ಬಂದರೆ ಆ ಜೋಡಿಯೂ ನೀರಿಗೆ.

ಐದನೆಯ ಎಲೆ ತಿರುವಿದರು. ಇಳಿಬಿಸಿಲು ನೇರ ಚಾಪೆಗೆ ಬೀಳುತ್ತಿತ್ತು. ಎಲೆ ಕೆಂಪಗೆ ಹೊಳೆಯಿತು. ಗೂಳಪ್ಪ ಎದ್ದು ನಿಂತ. ಯಂಕೋಬನ ಉಸಿರು ನಿಂತಿತು. ಎಷ್ಟು ಹೊತ್ತು ಅಂದರೆ, ಮೂರು ದಿನ ಅನ್ನುವವರೂ ಇದ್ದಾರೆ. ಹುಲಿಗೆವ್ವ ಮಾತ್ರ ತೊಗಲು ಹೊಲಿದು ಗಂಟುಗಟ್ಟಿದ ತನ್ನ ಅಂಗೈಯನ್ನು ಎಲೆಯ ಮೇಲೆ ನೆರಳಾಗಿ ಹಿಡಿದಳು.

ನೆರಳಲ್ಲಿ ಎಲೆ ಹಳದಿ. ಹಳದಿ ಹತ್ತು.

ಮಾನಪ್ಪ ಬಗ್ಗಿ ನೋಡಿದ, ಎರಡೂ ಕಡೆಯಿಂದ ನೋಡಿದ. ಅವತ್ತು ಮೊದಲ ಸಲ ಕೊಕ್ಕರೆಗಳು ಹಾರಲಿಲ್ಲ. ಗೂಳಪ್ಪ ತನ್ನ ಹರಿಗೋಲು ಬೋರಲು ಹಾಕಿದ. ಮಾತಾಡಬಹುದು ಅಂತ ಹಿರಿಯರು ಯಂಕೋಬನಿಗೆ ಹೇಳಿದರು, ಆದರೆ ಹಲ್ಲು ಹುಟ್ಟಿನಲ್ಲಿ ಸಿಕ್ಕಿಕೊಂಡಿದ್ದವು. ಬಿಡಿಸುವುದಕ್ಕೆ ನಾಲ್ಕು ಜನ ಬೇಕಾದರಂತೆ. ಬಿಡಿಸಿದ ಮೇಲೆ ಅವನು ಕೇಳಿದ ಮೊದಲ ಮಾತು: 'ಅತ್ತಿ, ಆ ನಾಕರಾಗಿಂದು ಬಂದಿದ್ರ?'

'ಬಂದಿದ್ರ ಬರ್ತಿತ್ತು,' ಅಂದಳಂತೆ ಹುಲಿಗೆವ್ವ. 'ನಿನ್ನ ಕೂಡ ನಾನೂ ನೆಲದ ಮ್ಯಾಲ ನಡಿಯೂದು ಕಲೀತಿದ್ದೆ.'

ಹರವಿನಕಟ್ಟಿ ಕಡವಿನಲ್ಲಿ ಆ ಹುಟ್ಟು ಈಗಲೂ ಇದೆ. ಹಿಡಿಯಲ್ಲಿ ಹಲ್ಲಿನ ಗುರುತು, ಮೇಲೆ ಆರು ಕೆಳಗೆ ಆರು. ಆಡುವಾಗ ಕೈಗೆ ಒಂದೇ ಬಣ್ಣದ ಸಣ್ಣ ಎಲೆಗಳು ಬಂದರೆ ಅಲ್ಲಿಯವರು 'ಕೊತ್ತಂಬ್ರಿ' ಅಂತ ಮಗುಚಿಡುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ, ಹೊಳೆ ತುಂಬಿ ಮೊದಲ ಹರಿಗೋಲು ಇಳಿಯುವ ದಿನ, ಮನೆಮನೆಯಲ್ಲೂ ಗಟ್ಟಿ ಬೇಳೆಯ ಸಾರು ಮಾಡುತ್ತಾರೆ. ಕೊತ್ತಂಬರಿ ಹಾಕುವುದಿಲ್ಲ. ಹೊಸ ಅಳಿಯಂದಿರು ಸಾರು ಸಪ್ಪಗೆ ಕಾಣುತ್ತದಲ್ಲ ಅಂದರೆ, ಮೊದಲು ಉಂಡು ನೋಡಿರಿ ಅನ್ನುತ್ತಾರೆ. ಆಮೇಲೆ ಒಂದೇ ಒಂದು ಎಸಳನ್ನು ಹೊಳೆಗೆ ಬಿಟ್ಟು, ಅದು ಯಾವ ಕಡೆ ಹೋಗುತ್ತದೋ ಅಂತ ಸ್ವಲ್ಪ ಹೊತ್ತು ಉಸಿರು ಹಿಡಿದು ನೋಡುತ್ತ ನಿಲ್ಲುತ್ತಾರೆ.