ಉಡದ ಹೊಟ್ಟೆಯ ಹೊನ್ನು

ಕೆಮ್ಮಣ್ಣಿನ ದಿಬ್ಬದ ಮೇಲೊಂದು ಹುತ್ತವಿತ್ತು. ಅಂಥಿಂಥ ಹುತ್ತವಲ್ಲ, ಅದರ ನೆರಳಲ್ಲಿ ಮೂರೂರಿನ ದನ ಮಲಗುತ್ತಿದ್ದವು. ಅದರೊಳಗೆ ಒಂದು ಉಡ ವಾಸವಾಗಿತ್ತು. ಚಿನ್ನದ ಪುಡಿ ಬೆರೆತ ಹುತ್ತದ ಹುಡಿಮಣ್ಣು ಮೆತ್ತಿಕೊಂಡು ಅದರ ಹೊಟ್ಟೆ ಮಿರಮಿರ ಮಿಂಚುತ್ತಿತ್ತು.

"ನೋಡಿದ್ಯಾ ತಂಗಿ? ಸೂರ್ಯ ದಿನಾ ನನ್ನ ಹೊಟ್ಟೇಲಿ ಮುಖ ನೋಡಿಕೊಂಡೇ ಮೇಲೇಳ್ತಾನೆ," ಎಂದು ಉಡ ಕೊಚ್ಚಿಕೊಂಡಿತು.

ಬರಿನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿ ಹೇಳಿತು: "ನೋಡಿದೆ ಉಡಣ್ಣ. ಹಳ್ಳದಲ್ಲಿ ಮರಳು ತೊಳೆದು ಚಿನ್ನ ಹುಡುಕೋರು ಕೂತಿದ್ದಾರೆ. ಹೊಟ್ಟೆ ಒರೆಸಿಕೊಂಡು ಹೋಗು."

"ಒರೆಸಿಕೊಂಡರೆ ಯಾರಿಗೆ ಏನು ತೋರಿಸ್ಲಿ?" ಎಂದ ಉಡ, ಹೋಗಿ ಅವರೆದುರಿಗೇ ಮೈ ಕಾಯಿಸಿತು.

ಅವರು ಅದರ ಹೆಜ್ಜೆ ಹಿಡಿದು ಬಂದು ಹುತ್ತ ಅಗೆದರು, ದಿಬ್ಬ ಅಗೆದರು. ಮಣ್ಣನ್ನೆಲ್ಲ ಮರದ ಮರಿಗೆಗಳಲ್ಲಿ ತೊಳೆದು ಹಳ್ಳಕ್ಕೆ ಬಿಟ್ಟರು. ಚಿನ್ನ ಮುಗಿದ ಮೇಲೆ ಗುಂಡಿಗಳನ್ನು ಹಾಗೇ ಬಿಟ್ಟು ನಡೆದರು. ಹುಲ್ಲು ಹೋಯಿತು, ಗೆದ್ದಲು ಹೋಯಿತು, ಮೊಲಗಳೂ ಹೋದವು. ಉಡ ಒಂದೇ ಉಳಿಯಿತು.

ಮೊಟ್ಟೆಯಿಡುವ ಕಾಲಕ್ಕೆ ಟಿಟ್ಟಿಭ ಆ ದಾರಿಯಲ್ಲಿ ಹಾರಿಬಂತು.

"ಇಳಿದು ಬಾ ತಂಗಿ, ಒಂದು ಗಳಿಗೆ ಮಾತಾಡು," ಎಂದು ಉಡ ಕೂಗಿತು. "ಹೊಟ್ಟೆ ಮೇಲೆ ಇನ್ನೂ ಒಂದು ಚೂರು ಚಿನ್ನ ಇದೆ, ತೋರಿಸ್ತೀನಿ."

"ಚಿನ್ನ ಬೇಡ ಅಣ್ಣ. ಮೊಟ್ಟೆಯಿಡೋಕೆ ಕುಸಿಯದ ನೆಲ ಒಂದು ಗೇಣು ಉಳಿದಿದ್ಯಾ?"

ಉಡ ಗುಂಡಿಯಿಂದ ಗುಂಡಿಗೆ ಕಣ್ಣಾಡಿಸಿತು. ಒಂದು ಸುಳ್ಳು ಹೇಳಿದರೆ ಸಾಕು, ಹಕ್ಕಿ ಇಳಿಯುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಮೊದಲ ಸಲ ಅದರ ಬಾಯಿಗೆ ಸುಳ್ಳು ಬರಲಿಲ್ಲ.

"ಇಲ್ಲ ತಂಗಿ," ಎಂದಿತು.

ಹಕ್ಕಿ ಹಾರಿಹೋಯಿತು.