ಗೇಟಿಗೆ ಅಮಾವಾಸ್ಯೆ ಶಾಂತಿ

ಅಕ್ಕಿ ಗಿರಣಿಯ ಸಾಹುಕಾರ ವಿರೂಪಣ್ಣನವರ ಆಟೋಮ್ಯಾಟಿಕ್ ಗೇಟು ಮತ್ತೆ ಅವರ ಕಾರನ್ನೇ ಹೊರಗೆ ನಿಲ್ಲಿಸಿತು.

"ಆಗಾಗ ಸರ್ವಿಸ್ ಮಾಡಿಸಿದ್ರೆ..." ಎಂದ ಕಾವಲುಗಾರ.

"ತಾನಾಗೇ ನಡೆಯೋದಕ್ಕೆ ಸರ್ವಿಸ್ ಯಾಕೋ? ಆಯುಧಪೂಜೆಗೆ ಕುಂಬಳಕಾಯಿ ಒಡೆಸಿಲ್ವಾ? ನಾಳೆಯೂ ತೆಗೀಲಿಲ್ಲ ಅಂದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!"

ಆ ಪೂಜೆಯ ಕುಂಕುಮವೇ ಗೇಟಿನ ಸೆನ್ಸರ್ ಕಣ್ಣಿಗೆ ಮೆತ್ತಿಕೊಂಡಿತ್ತು. ಹಾಗೆಂದು ಹೇಳಿದರೆ ದೈವನಿಂದೆಯಾದೀತು. ಕಾವಲುಗಾರ ದನಿ ತಗ್ಗಿಸಿದ.

"ದೃಷ್ಟಿಯಾಗಿದೆ ಧಣಿ. ನಾಳೆಯೇ ಅಮಾವಾಸ್ಯೆ. ತಿಂಗಳು ತಿಂಗಳು ಶಾಂತಿ ಆಗ್ಬೇಕು. ಕಣ್ಣು ತೊಳೆದು, ಕಾಲಿಗೆ ಎಣ್ಣೆ ಎರೀಬೇಕು."

"ಮೊದಲೇ ಹೇಳಬಾರದೇನೋ! ಪೂಜೆ ಅಯ್ಯನವರನ್ನ ಕರೆಸು!"

ಮರುದಿನ ಕಾವಲುಗಾರ ಕರೆಸಿದ ಮೆಕ್ಯಾನಿಕ್ಕು ಹಣೆತುಂಬ ವಿಭೂತಿ ಬಳಿದುಕೊಂಡು ಬಂದ. ಗೇಟಿನ ಕಣ್ಣು ಒರೆಸಿದ, ಚಕ್ರಕ್ಕೆ ಎಣ್ಣೆ ಬಿಟ್ಟ. ಗೇಟು ಸರ್ರನೆ ಸರಿಯಿತು. ಸಾಹುಕಾರರು ಭಕ್ತಿಯಿಂದ ಕೈಮುಗಿದರು.

"ಅಯ್ಯನವರ ಮಂತ್ರವೇ ಕೇಳಿಸಲಿಲ್ಲವಲ್ಲೋ?"

"ಗೇಟಿಗೆ ಕೇಳಿಸಿತಲ್ಲ ಧಣಿ!"